ಟೋಪಿಗೆ ಹೋಗದ ಕೈ

ತಾಕ್ ಜೇಹ್ವಾನ್‌ಗೆ ವೇಗವಿರಲಿಲ್ಲ. ಚೆಂಡೆಸೆದು ಹೊಟ್ಟೆ ಹೊರೆಯುವವನಿಗೆ ಇದು ಸಣ್ಣ ಕೊರತೆಯಲ್ಲ. ಇದ್ದಾಗಲೂ ಅದು ಹೇಳಿಕೊಳ್ಳುವಷ್ಟೇನೂ ಇರಲಿಲ್ಲ. ಇದ್ದದ್ದೂ ಎರಡು ಬೇಸಗೆಗಳ ಹಿಂದೆ, ಮನೆ ಬಿಡುವ ಬೆಕ್ಕಿನ ಹಾಗೆ ಸದ್ದಿಲ್ಲದೆ ಹೊರಟುಹೋಗಿತ್ತು. ಉಳಿದದ್ದು ಗುರಿ. ಕ್ಯಾಚರ್ ಗವಸನ್ನು ಎಲ್ಲಿ ಹಿಡಿಯುತ್ತಾನೋ ಅಲ್ಲಿಗೆ ಚೆಂಡು ಹೋಗಿ ಕೂರುತ್ತಿತ್ತು, ಬೆರಳಿನಷ್ಟೂ ಆಚೀಚೆ ಇಲ್ಲ. ಹದಿನೆಂಟು ವರ್ಷ ಅವನ ಮನೆಯಲ್ಲಿ ಅನ್ನ ಬೆಂದದ್ದು ಅದರಿಂದ. ಮೊಕ್ಪೊ ಹೆರನ್ಸ್ ಬೇಸ್‌ಬಾಲ್ ತಂಡದಲ್ಲಿ ಅವನು ಆಟ ಶುರುಮಾಡುವ ಎಸೆತಗಾರನಲ್ಲ, ಆಟ ಮುಗಿಸಿ ಕೈಯೆತ್ತುವವನೂ ಅಲ್ಲ. ಶುರುಮಾಡಿದವನು ಸುಸ್ತಾಗಿ, ಆಟ ಹದಗೆಟ್ಟು, ಅಂಗಳದಲ್ಲಿ ಬೇರೆಯವರ ಗಲೀಜು ಹರಡಿಕೊಂಡಿರುವಾಗ ಬಾಚಲು ಕರೆಸುವ ಆಳು. ಬಾಚಿದರೆ ಯಾರೂ ನೋಡುವುದಿಲ್ಲ. ಬಾಚದಿದ್ದರೆ ಅಷ್ಟೂ ಗಲೀಜು ಅವನದೇ ಎಂಬಂತೆ ಮರುದಿನ ಪೇಪರಿನಲ್ಲಿ ಬರುತ್ತದೆ.

ಆ ಭಾನುವಾರ ಅವನ ಹುಟ್ಟುಹಬ್ಬ. ಬೆಳಿಗ್ಗೆ ಹೆಂಡತಿ ಹೇರಿಮ್ ಕಡಲಪಾಚಿಯ ಸಾರು ಬಡಿಸಿದಳು. ಹುಟ್ಟಿದ ದಿನ ಅದನ್ನು ಉಣ್ಣದವನು ಹುಟ್ಟಿದ ಲೆಕ್ಕಕ್ಕೇ ಇಲ್ಲ. ಆದರೆ ಆಟದ ದಿನ ಅದನ್ನು ಉಣ್ಣುವ ಎಸೆತಗಾರ ಊರಲ್ಲೆಲ್ಲೂ ಸಿಕ್ಕುವುದಿಲ್ಲ. ಜಾರುವ ಪದಾರ್ಥ, ಪರೀಕ್ಷೆಗೆ ಹೋಗುವ ಮಕ್ಕಳೂ ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ ಹುಟ್ಟಿದವನಿಗೆ ಹುಟ್ಟುಹಬ್ಬ ಬಂದಾಗಲೆಲ್ಲ ಆಟವೂ ಇರುತ್ತದೆ. ಮದುವೆಯಾದಾಗಿನಿಂದ ಅವಳು ಮಾಡುವುದು, ಇವನು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಮೂಸಿ ನೋಡಿ ಅವಳ ಕಡೆಗೆ ಸರಿಸುವುದು, ಇಬ್ಬರೂ ನಗುವುದು ನಡೆದುಬಂದಿತ್ತು. ಈ ಸಲ ಅವಳು ಬಟ್ಟಲನ್ನು ಅವನ ಮುಂದಿಟ್ಟು, ಮೀನಿನ ಮುಳ್ಳು ಬಿಡಿಸುತ್ತ, ತಲೆಯೆತ್ತದೆ ಹೇಳಿದಳು: "ತಿನ್ರೀ. ಇವತ್ತೂ ಎಸಿಯೋದಿಲ್ವಲ್ಲ." ಅದರಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಚೆನ್ನಾಗಿತ್ತು. ಎರಡನೇ ತಂಡದಿಂದ ಅವನನ್ನು ಮೇಲಕ್ಕೆ ಕರೆಸಿಕೊಂಡು ಹತ್ತು ದಿನವಾಗಿತ್ತು, ಇನ್ನೂ ಒಮ್ಮೆಯೂ ಆಟಕ್ಕೆ ಇಳಿಸಿರಲಿಲ್ಲ. ಅವಳು ಟೀವಿ ನೋಡುವವಳು, ಅವಳಿಗೆ ಗೊತ್ತು. ಅವನು ಸಿಟ್ಟಿನಲ್ಲಿ ಇಡೀ ಬಟ್ಟಲು ಉಂಡ. ತಳದ ರಸವನ್ನೂ ಎತ್ತಿ ಕುಡಿದ. ಅವಳು ಖುಷಿಯಿಂದ ಇನ್ನೊಂದು ಸೌಟು ಹಾಕಿದಳು, ಅದನ್ನೂ ಉಂಡ.

ಎಡಗಡೆಯ ಬೇಲಿಯ ಹಿಂದೆ ಬುಲ್‌ಪೆನ್, ಸರದಿಯ ಎಸೆತಗಾರರು ಕಾಯುತ್ತ ಮೈ ಬಿಸಿಮಾಡಿಕೊಳ್ಳುವ ಜಾಗ. ತಗಡಿನ ಮಾಡು, ಉದ್ದನೆಯ ಬೆಂಚು, ಗೋಡೆಗೆ ಒಂದು ಫೋನು. ಕಡಲ ಕಡೆಯಿಂದ ಗಾಳಿ ಬಂದರೆ ಬಂದರಿನ ಒಣಮೀನಿನ ವಾಸನೆ ಮೊದಲು ಇಲ್ಲಿಗೆ ಬರುತ್ತದೆ, ಆಮೇಲೆ ಟಿಕೆಟ್ ಕೊಂಡವರ ಮೂಗಿಗೆ ಹೋಗುತ್ತದೆ. ಮ್ಯಾನೇಜರ್ ನಮ್‌ಗುಂಗ್‌ನದೊಂದು ಅಭ್ಯಾಸವಿತ್ತು. ಎದುರಾಳಿಯ ಒಬ್ಬ ಬೇಸ್ ಮುಟ್ಟಿದರೆ ಸಾಕು, ಫೋನು ಬಡಿದುಕೊಳ್ಳುತ್ತಿತ್ತು: ತಾಕ್‌ನನ್ನು ಎಬ್ಬಿಸಿ. ಜೇಹ್ವಾನ್ ಎದ್ದು, ಮೈ ಬಿಸಿಮಾಡಿಕೊಂಡು, ನಿಜವಾದ ಆಟದಲ್ಲಿ ಎಸೆಯುವ ಹಾಗೇ ಎಸೆಯುತ್ತಿದ್ದ. ಅಷ್ಟರಲ್ಲಿ ಅಪಾಯ ಕಳೆಯುತ್ತಿತ್ತು. ಕೂರಿಸಿ. ಮತ್ತೊಂದು ಇನ್ನಿಂಗ್ಸ್, ಮತ್ತೆ ಎಬ್ಬಿಸಿ. ಒಲೆಯ ಮೇಲೆ ಹಳೆಯ ಸಾರನ್ನು ಇಟ್ಟು ಇಳಿಸಿ ಇಟ್ಟು ಇಳಿಸಿದ ಹಾಗೆ. ಆ ಎಸೆತಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಸಿಯೋಲ್‌ನಲ್ಲಿ ಭುಜದ ಚಿತ್ರ ನೋಡಿದ ಡಾಕ್ಟರು, ನೀವು ಆಡಿದ ಆಟ ನೋಡಿದರೆ ಇಷ್ಟು ಸವೆಯಬಾರದಲ್ಲ, ಮನೆಯಲ್ಲೇನಾದರೂ ಭಾರ ಎತ್ತುತ್ತೀರಾ ಎಂದು ಕೇಳಿದ್ದ. ಹೌದು ಎಂದಿದ್ದ ಜೇಹ್ವಾನ್. ಅಕ್ಕಿಮೂಟೆ ಎತ್ತುತ್ತೇನೆ ಎಂದಿದ್ದ. ಡಾಕ್ಟರು ಅದನ್ನು ನಂಬಿ, ಇನ್ನು ಎತ್ತಬೇಡಿ ಎಂದಿದ್ದ. ಹೊರಗೆ ಬಂದು ಲಿಫ್ಟಿನಲ್ಲಿ ಯಾರೂ ಇಲ್ಲದಾಗ ಗೋಡೆಗೆ ಗುದ್ದಿದ್ದ, ಎಡಗೈಯಲ್ಲಿ. ಸಿಟ್ಟಿನಲ್ಲೂ ಬಲಗೈಯನ್ನು ಕಾಪಾಡುವ ಬುದ್ಧಿ ಇತ್ತಲ್ಲ ಎಂದು ಆಮೇಲೆ ತನ್ನ ಮೇಲೇ ಹೇಸಿಗೆಯಾಗಿತ್ತು.

ಇವತ್ತು ಎರಡು ಸಲ ಎಬ್ಬಿಸಿ ಕೂರಿಸಿಯಾಗಿತ್ತು. ಏಳನೇ ಇನ್ನಿಂಗ್ಸಿನಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಬುಲ್‌ಪೆನ್ ನೋಡಿಕೊಳ್ಳುವ ಕೋಚ್ ಮಿನ್ ಎತ್ತಿಕೊಂಡು, ಹೂಂ ಸಾರ್, ಹೂಂ ಸಾರ್ ಎಂದು ಗೋಡೆಗೆ ಬಾಗಿ ಬಾಗಿ ಹೇಳಿ ಇಟ್ಟ. ಮಿನ್ ಅವನಿಗಿಂತ ಒಂದು ವರ್ಷ ಚಿಕ್ಕವನು. ಒಂದು ಕಾಲದಲ್ಲಿ ಊರೂರಿನ ಹೋಟೆಲುಗಳಲ್ಲಿ ಇಬ್ಬರಿಗೂ ಒಂದೇ ಕೋಣೆ. ಮಿನ್ ಇವನ ಬ್ಯಾಗು ಹೊತ್ತಿದ್ದ, ಒಗೆದ ಕಾಲುಚೀಲ ಕಿಟಕಿಗೆ ಹರವಿದ್ದ. ಮೊಣಕೈ ಹೋದದ್ದೇ ಅವನ ಅದೃಷ್ಟವಾಯಿತು, ಬೇಗ ನಿವೃತ್ತನಾಗಿ ಬೇಗ ಕೋಚ್ ಆದ. ಈಗ ಹತ್ತು ಜನರೆದುರು "ತಾಕ್, ಏಳು" ಎನ್ನುತ್ತಾನೆ. ಯಾರೂ ಇಲ್ಲದಾಗ ಅಣ್ಣ. ಈಗ ಬೆಂಚಿನ ತುದಿಗೆ ಬಂದು, ಬೇರೆಯವರಿಗೆ ಬೆನ್ನು ಮಾಡಿ ಕೂತ.

"ಅಣ್ಣ, ಎಂಟನೇ ಇನ್ನಿಂಗ್ಸಿಗೆ ನೀನೇ."

"ಆಟ ಸೋತಾಗಿದೆಯಲ್ಲೋ."

"ಅದಕ್ಕೇ." ಮಿನ್ ಬೂಟಿನ ಮಣ್ಣು ಕೆರೆದ. "ಮೊದಲು ಆ ಉಜಿನ್ ಬರ್ತಾನೆ. ಹುಡುಗ ಪ್ಲೇಟಿಗೆ ತೀರಾ ಅಂಟ್ಕೊಂಡು ನಿಲ್ತಾನೆ ಅಂತಿದಾರೆ ಮ್ಯಾನೇಜರ್ ಸಾರ್. ಒಂದು ಒಳಗೆ ಹಾಕ್ಬೇಕಂತೆ."

"ಎಷ್ಟು ಒಳಗೆ?"

"ಅವನಿಗೆ ನೆನಪಿರೋ ಅಷ್ಟು."

ಚೆಂಡು ಹುಡುಗನ ಮೈಗೇ ಬೀಳಬೇಕು ಎಂಬ ಇದರ ಅರ್ಥವನ್ನು ಬೆಂಚಿನಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನ ದಿನ ಎದುರಾಳಿ ತಂಡ ಒಂಬತ್ತು ರನ್ ಮುಂದಿದ್ದಾಗ ಪ್ಯೋ ಉಜಿನ್ ಎಂಬ ಇಪ್ಪತ್ತೊಂದರ ಹುಡುಗ ಎಸೆತಗಾರನ ಕಣ್ಣು ತಪ್ಪಿಸಿ ಎರಡನೇ ಬೇಸಿಗೆ ಕದ್ದು ಓಡಿದ್ದ. ಗೆದ್ದಾಗಿರುವ ಆಟದಲ್ಲಿ ಓಡಬಾರದು. ಬಿದ್ದವನ ಮುಖಕ್ಕೆ ಉಗಿದ ಹಾಗೆ ಅದು. ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಎಲ್ಲರಿಗೂ ಗೊತ್ತು. ನಮ್‌ಗುಂಗ್ ಆಟ ಮುಗಿಯುವ ತನಕ ಒಂದು ಮಾತೂ ಆಡದೆ ನಿಂತಿದ್ದ, ಕುತ್ತಿಗೆ ಮಾತ್ರ ಕೆಂಪಗಾಗಿತ್ತು.

ವೇಗದ ಹುಡುಗರು ಇಷ್ಟು ಜನ ಇದ್ದಾರಲ್ಲ, ಅವರ ಕೈಯಲ್ಲಿ ಮಾಡಿಸು ಎಂದ ಜೇಹ್ವಾನ್. ಮಿನ್ ನಿಜವಾಗಿಯೂ ಗಾಬರಿಗೊಂಡ. ಆ ಹುಡುಗರಿಗೆ ಗುರಿ ಎಲ್ಲಿದೆ ಅಣ್ಣ, ತಲೆಗೆ ಬಿದ್ದರೆ ಗತಿಯೇನು, ನೀನಾದರೆ ತೊಡೆ ಅಂದರೆ ತೊಡೆ, ಅಂಡು ಅಂದರೆ ಅಂಡು ಎಂದ. ಹದಿನೆಂಟು ವರ್ಷದಲ್ಲಿ ಅವನ ಗುರಿಯನ್ನು ಇಷ್ಟು ಮನಸಾರೆ ಯಾರೂ ಹೊಗಳಿರಲಿಲ್ಲ. ಆಮೇಲೆ ಮಿನ್ ದನಿ ತಗ್ಗಿಸಿ, ಎರಡನೇ ತಂಡಕ್ಕೆ ಮುಂದಿನ ವರ್ಷ ಒಬ್ಬ ಕೋಚ್ ಬೇಕು, ಸಾರ್ ಬಾಯಲ್ಲಿ ನಿನ್ನ ಹೆಸರು ಬಂತು ಎಂದ. ಇದು ಅದರ ಬೆಲೆ ಎಂದು ಹೇಳಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟ, ಅಷ್ಟೆ.

"ನಾನು ಹೊಡೆಯಲ್ಲ ಮಿನ್."

"ಹೊಡಿ ಅಂತ ಈಗ ಯಾರಂದ್ರು?" ಎಂದು ಮಿನ್ ಎದ್ದು, ಎಲ್ಲರಿಗೂ ಕೇಳುವಂತೆ, "ತಾಕ್, ಏಳು, ಬಿಸಿಮಾಡ್ಕೊ" ಎಂದ.

ಭುಜ ಮೂರನೇ ಸಲ ಬಿಸಿಯಾಗಲು ಒಪ್ಪಲಿಲ್ಲ. ಬೆರಳ ತುದಿಯ ಚರ್ಮ ಬೆಳಗಿನಿಂದ ಮೆತ್ತಗಾಗಿತ್ತು. ಉಜಿನ್ ಅವನದೇ ಹೈಸ್ಕೂಲಿನವನು. ಆ ಹಳದಿ ಗೋಡೆಯ ಸ್ಕೂಲಿನ ಹಿಂದಿನ ಶೆಡ್ಡಿನಲ್ಲಿ ಹಿರಿಯರು ಕಿರಿಯರನ್ನು ಸಾಲಾಗಿ ಬಗ್ಗಿಸಿ ಬ್ಯಾಟಿನಿಂದ ಬಾರಿಸುತ್ತಿದ್ದರು. ಜೇಹ್ವಾನ್ ಎರಡು ವರ್ಷ ತಿಂದ, ಮೂರನೇ ವರ್ಷ ತಿನ್ನಿಸಿದ, ಅದರ ಬಗ್ಗೆ ಯೋಚಿಸುವಂಥದ್ದೇನೂ ಆಗ ಕಂಡಿರಲಿಲ್ಲ. ಕಲಿತದ್ದು ಒಂದೇ ಪಾಠ. ಕಿರಿಯ ಬಾಗುತ್ತಾನೆ. ಈ ತಂಡಕ್ಕೆ ಸೇರಿದ ಮೊದಲ ವರ್ಷ ಅವನ ಚೆಂಡು ಒಬ್ಬ ಹಿರಿಯ ಬ್ಯಾಟರ್‌ನ ಸೊಂಟಕ್ಕೆ ಬಿದ್ದಾಗ, ಚೆಂಡು ನೆಲಕ್ಕೆ ಬೀಳುವ ಮೊದಲೇ ಇವನ ಟೋಪಿ ಕೈಯಲ್ಲಿತ್ತು, ತಲೆ ಮೊಣಕಾಲಿನ ಹತ್ತಿರ ಇತ್ತು. ಮರುದಿನ ಜ್ಯೂಸಿನ ಡಬ್ಬಿಗಳ ಪೆಟ್ಟಿಗೆ ಹೊತ್ತು ಎದುರಾಳಿಗಳ ಕೋಣೆಗೆ ಹೋಗಿ ಬಾಗಿಲಲ್ಲೇ ಮತ್ತೆ ಬಾಗಿದ್ದ. ಆ ಹಿರಿಯ ಉಗುರು ಕತ್ತರಿಸಿಕೊಳ್ಳುತ್ತಿದ್ದವನು ತಲೆಯೆತ್ತದೆ, ಅಲ್ಲಿಡು ಎಂದಿದ್ದ. ಹಾಗೆ ಬಾಗಿದರೆ ಚೆಂಡು ಜಾರಿತು ಎಂದು ಅರ್ಥ. ಬಾಗದಿದ್ದರೆ ಬೇಕೆಂದೇ ಹೊಡೆದದ್ದು. ಹಿರಿಯನ ಚೆಂಡು ಕಿರಿಯನಿಗೆ ಬಿದ್ದರೆ ಮಾತ್ರ ಈ ಲೆಕ್ಕ ಅಷ್ಟು ನೇರವಾಗಿರಲಿಲ್ಲ. ಬಾಗುವಂತಿಲ್ಲ, ಟೋಪಿಯ ಅಂಚು ಮುಟ್ಟಿದರೆ ಸಾಕು, ಕೈ ಎತ್ತಿದರೆ ಸಾಕು, ಕೆಲವರು ಅದನ್ನೂ ಮಾಡುವುದಿಲ್ಲ. ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ಸ್ಕೂಲಿನ ಹಳಬರ ಊಟದಲ್ಲಿ ಒಬ್ಬ ಉದ್ದ ಕತ್ತಿನ ಹುಡುಗ ಸಂಜೆಯಿಡೀ ಇವನ ಬೂಟು ಜೋಡಿಸಿಟ್ಟು, ಹಂದಿಮಾಂಸ ಸುಟ್ಟು ಕತ್ತರಿಸಿ ಇವನ ತಟ್ಟೆಗೆ ಹಾಕಿ, ಎರಡು ಕೈಯಲ್ಲಿ ಲೋಟಕ್ಕೆ ಸೋಜು ಮದ್ಯ ಬಗ್ಗಿಸಿ, ಕೊನೆಗೆ ಕಿವಿ ಕೆಂಪಾಗಿ, ಸೀನಿಯರ್, ಒಂದಿನ ನಿಮ್ಮ ಚೆಂಡಿಗೆ ಬ್ಯಾಟ್ ಹಿಡೀಬೇಕು ಎಂದಿದ್ದ. ಉಜಿನ್. ಅವತ್ತು ಜೇಹ್ವಾನ್ ಅವನ ತಲೆಗೆ ಮೊಟಕಿದ್ದ, ಪ್ರೀತಿಯಿಂದ.

ಬೇಲಿಯ ಬಾಗಿಲು ತೆರೆದು ಅವನು ಹುಲ್ಲಿನ ಮೇಲೆ ಓಡಿದ. ಅರ್ಧ ಜನ ಎದ್ದುಹೋಗಿದ್ದರು, ಉಳಿದವರು ಹುರಿದ ಕೋಳಿ ತಿನ್ನುತ್ತಿದ್ದರು. ಯಾರೋ ಅವನ ಹೆಸರು ಕೂಗಿದ. ಇನ್ನೊಬ್ಬ, ತಾತಾ, ಬಿದ್ದೀಯ, ನಿಧಾನ ಎಂದ, ಒಂದಿಷ್ಟು ನಗು ಎದ್ದಿತು. ಎಸೆತಗಾರ ನಿಲ್ಲುವ ದಿಬ್ಬದ ಮಣ್ಣನ್ನು ಕಾಲಿನಿಂದ ಸರಿಮಾಡಿಕೊಂಡು ತಲೆಯೆತ್ತಿದಾಗ ಉಜಿನ್ ಬ್ಯಾಟು ಹಿಡಿದು ಪ್ಲೇಟಿನ ಪಕ್ಕ ನಿಂತಿದ್ದ, ಹೆಲ್ಮೆಟ್ಟಿನ ಅಂಚನ್ನು ಎರಡು ಬೆರಳಲ್ಲಿ ಮುಟ್ಟಿ ತಲೆ ತಗ್ಗಿಸಿದ. ಸ್ಕೂಲಿನ ಹಿರಿಯನಿಗೆ ಸಲ್ಲಿಸಬೇಕಾದ್ದನ್ನು ಸಲ್ಲಿಸಿದ. ಕ್ಯಾಚರ್ ಕೂತು ಗವಸನ್ನು ಹುಡುಗನ ತೊಡೆಯ ಹಿಂದಕ್ಕೆ ಹಿಡಿದ. ಹಾಗಾದರೆ ಇವನಿಗೂ ಹೇಳಿದ್ದಾರೆ. ಜೇಹ್ವಾನ್ ತಲೆಯಲ್ಲಾಡಿಸಿದ. ಕ್ಯಾಚರ್ ಮತ್ತೆ ಅಲ್ಲೇ ಹಿಡಿದ. ಮತ್ತೆ ತಲೆಯಲ್ಲಾಡಿಸಿದ. ಇಪ್ಪತ್ತನಾಲ್ಕರ ಕ್ಯಾಚರ್ ಮ್ಯಾನೇಜರ್ ಕಡೆಗೊಮ್ಮೆ ನೋಡಿ, ಏನು ಮಾಡುವುದೆಂದು ತಿಳಿಯದೆ, ಗವಸನ್ನು ಹುಡುಗನಿಂದ ದೂರದ ಹೊರಮೂಲೆಗೆ ತಂದ. ಜೇಹ್ವಾನ್ ಅಲ್ಲಿಗೆ ಎಸೆದ. ಹೊರಮೂಲೆ, ಮೊಣಕಾಲಿನ ಎತ್ತರ, ಗೆರೆ ಎಳೆದಂತೆ. ಅಂಪೈರ್ ಕೈಯೆತ್ತಿದ, ಸ್ಟ್ರೈಕ್. ಇಂಥವು ಮೂರಾದರೆ ಹುಡುಗ ಔಟ್. ಉಜಿನ್ ಚೆಂಡು ಹೋದ ದಾರಿಯನ್ನು ನೋಡಿ ತನ್ನಷ್ಟಕ್ಕೆ ತಲೆದೂಗಿದ. ಎರಡು ವರ್ಷದಲ್ಲಿ ಅಂಥದೊಂದು ಚೆಂಡು ಜೇಹ್ವಾನ್‌ನ ಕೈಯಿಂದ ಹೋಗಿರಲಿಲ್ಲ. ಮ್ಯಾನೇಜರ್ ಎದ್ದು ಕಟಕಟೆಯ ಹತ್ತಿರ ಬಂದು ನಿಂತದ್ದು ಕಣ್ಣಂಚಿಗೆ ಕಂಡಿತು. ನೋಡು ಮುದಿಯ, ನನ್ನ ಗುರಿ ಇರುವುದು ಇದಕ್ಕೆ ಎಂದು ಜೇಹ್ವಾನ್ ಒಳಗೇ ಅಂದುಕೊಂಡ. ನಿನ್ನ ಕುತ್ತಿಗೆಯ ಕೆಂಪು ಇಳಿಸಲಿಕ್ಕೆ ಇರುವುದಲ್ಲ. ಇನ್ನೊಂದು ಅಂಥದೇ ಹಾಕುತ್ತೇನೆ, ಹುಡುಗನನ್ನು ಆಡಿಯೇ ಔಟ್ ಮಾಡುತ್ತೇನೆ. ಅದೇ ಮೂಲೆಗೆ, ಅದೇ ಎತ್ತರಕ್ಕೆ, ಇನ್ನೂ ಸ್ವಲ್ಪ ಬಿರುಸಾಗಿ ಎಸೆಯಬೇಕೆಂದು ತೋಳು ಬೀಸಿದ.

ಚೆಂಡು ಬೆರಳು ಬಿಡುವ ಮೊದಲೇ ಗೊತ್ತಾಗುತ್ತದೆ. ಬೆರಳ ತುದಿಯ ಕೊನೆಯ ಹಿಡಿತ ಇರಬೇಕಾದಲ್ಲಿ ಏನೂ ಇರಲಿಲ್ಲ, ಸಾರಿನ ಪಾಚಿಯನ್ನು ಹಿಡಿದ ಹಾಗೆ. ಬೆಳಗಿನ ಬಟ್ಟಲು ಕಣ್ಣಿಗೆ ಬಂತು, ಮುಳ್ಳು ಬಿಡಿಸುವ ಹೇರಿಮ್‌ಳ ಬೆರಳು ಬಂತು, ಅಷ್ಟರಲ್ಲಿ ಸದ್ದಾಯಿತು. ಮರದ ಬ್ಯಾಟಿಗೆ ಬಿದ್ದ ಸದ್ದಲ್ಲ. ಉಜಿನ್ ಕೂಗಲಿಲ್ಲ. ಬ್ಯಾಟು ಬಿಟ್ಟು, ಎಡ ಮುಂಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಕುಕ್ಕರುಗಾಲಲ್ಲಿ ಕೂತ. ವೇಗವಿಲ್ಲದ ಚೆಂಡೂ ಎಲುಬು ಮುರಿಯುತ್ತದೆ. ಈಗ ಜೇಹ್ವಾನ್‌ನ ಕೈ ಟೋಪಿಗೆ ಹೋಗಬೇಕಿತ್ತು. ಹೋಗಲಿಲ್ಲ. ಅವನು ನಿಂತು ಕಾಯುತ್ತಿದ್ದ. ಏನಕ್ಕೆ ಕಾಯುತ್ತಿದ್ದನೆಂದು ಆಮೇಲೆ ಹೊಳೆದಾಗ ನಾಚಿಕೆಯಿಂದ ಮೈ ಸುಟ್ಟಿತು: ಹುಡುಗ ತಲೆಯೆತ್ತಿ ಪರವಾಗಿಲ್ಲ ಸೀನಿಯರ್ ಎಂದು ಹೆಲ್ಮೆಟ್ ಮುಟ್ಟಲಿ ಎಂದು ಕಾಯುತ್ತಿದ್ದ. ಮೊದಲು ಅವನು. ಆಮೇಲೆ ನಾನು. ಸ್ಕೂಲಿನ ಹಿಂದಿನ ಆ ಶೆಡ್ಡಿನಲ್ಲಿ ಬೆನ್ನಿಗೆ ಬರೆದ ಪಾಠ ಕೈಯನ್ನು ತೊಡೆಗೆ ಅಂಟಿಸಿ ಹಿಡಿದಿತ್ತು. ಎದುರಾಳಿಗಳು ಅಷ್ಟೂ ಜನ ಅಂಗಳಕ್ಕೆ ನುಗ್ಗಿದರು, ಇವರ ಕಡೆಯವರೂ ನುಗ್ಗಿದರು, ಯಾರೋ ಇವನ ಅಂಗಿಯ ಎದೆ ಹಿಡಿದು, ತಾಕ್ ಜೇಹ್ವಾನ್ ಚೆಂಡು ಜಾರುತ್ತೇನೋ ಎಂದು ಮುಖಕ್ಕೆ ಉಗುಳು ಹಾರುವಂತೆ ಕೇಳಿದ. ಆಗ ಟೋಪಿ ತೆಗೆಯಲು ಹೊತ್ತು ಮೀರಿತ್ತು. ಟೋಪಿಯೂ ತಲೆಯ ಮೇಲಿರಲಿಲ್ಲ. ನೂಕಾಟದಲ್ಲಿ ಬಿದ್ದು ಕಾಲಡಿಯಲ್ಲಿತ್ತು. ಅಂಪೈರ್ ಜೇಹ್ವಾನ್‌ಗೆ ಆಟದಿಂದ ಹೊರಗೆ ಎಂದು ಕೈ ತೋರಿಸಿದ. ಒಳಗೆ ಹೋಗುವಾಗ ಮ್ಯಾನೇಜರ್ ಇವನ ಕಡೆ ನೋಡದೆ, ಬೆನ್ನಿನ ಮೇಲೆ ಎರಡು ಸಲ ಮೆತ್ತಗೆ ತಟ್ಟಿದ. ಹತ್ತು ದಿನದಲ್ಲಿ ಮೊದಲ ಸಲ.

ಬಟ್ಟೆ ಬದಲಿಸುವ ಕೋಣೆಗೆ ಮಿನ್ ಓಡಿಬಂದ. ಮುಖದಲ್ಲಿ ಹಬ್ಬ.

"ಮೊದಲ ಚೆಂಡು ಆ ಕಡೆ ಹಾಕ್ದಾಗ ನನ್ನ ಜೀವ ಹೋಯ್ತು ಅಣ್ಣ. ನೀನು ಮಾಡಲ್ಲ ಅಂದ್ಕೊಂಡೆ."

"ಮಾಡಲಿಲ್ಲ. ಜಾರ್ತು."

"ಗೊತ್ತು ಬಿಡು."

"ಜಾರ್ತು ಕಣೋ. ಬೆಳಿಗ್ಗೆ ಪಾಚಿ ಸಾರು ತಿಂದಿದ್ದೆ."

ಮಿನ್ ಬಿದ್ದುಬಿದ್ದು ನಕ್ಕ. "ಇದು ಚೆನ್ನಾಗಿದೆ. ಪೇಪರಿನೋರು ಹೊರಗಿದಾರೆ, ಇದನ್ನೇ ಹೇಳು. ಜಾರ್ತು ಅನ್ನು, ಸಾರಿಂದು ಸೇರ್ಸು, ಸಾಯೋವಷ್ಟು ನಗ್ತಾರೆ. ಮ್ಯಾನೇಜರ್ ಸಾರ್ ಕೂಡ ಅದೇ ಹೇಳಿ ಕಳ್ಸಿದಾರೆ, ಜಾರ್ತು ಅನ್ಲಿ ಅಂತ. ಇನ್ನು ಕೋಚ್ ಕೆಲ್ಸ ನಿಂದೇ, ಅತ್ತಿಗೆಗೆ ಫೋನ್ ಮಾಡು."

ಜೇಹ್ವಾನ್ ಅವನನ್ನು ನೋಡುತ್ತ ನಿಂತ. ಮಿನ್‌ಗೆ ಅವಳಿ ಮಕ್ಕಳು, ಇಬ್ಬರಿಗೂ ಇವನೇ ಮೊದಲ ಹುಟ್ಟುಹಬ್ಬಕ್ಕೆ ಉಂಗುರ ಕೊಟ್ಟಿದ್ದ. ಆ ನಗುವ ಬಾಯಿಗೆ ಗುದ್ದಬೇಕೆನಿಸಿತು, ಈ ಸಲ ಬಲಗೈಯಲ್ಲಿ. ತನ್ನ ಹತ್ತಿರ ಇದ್ದದ್ದು ಒಂದೇ ಒಂದು ನಿಜ, ಅದನ್ನು ಇವರು ಮೊದಲೇ ಬಾಯಿ ಹಾಕಿ ಎಂಜಲು ಮಾಡಿಟ್ಟಿದ್ದರು.

ಎದುರಾಳಿಗಳ ಕಡೆಯ ಓಣಿಯಲ್ಲಿ ಉಜಿನ್ ಕುರ್ಚಿಯ ಮೇಲೆ ಕೂತಿದ್ದ, ಆಸ್ಪತ್ರೆಯ ಕಾರಿಗೆ ಕಾಯುತ್ತ. ಕೈಗೆ ಹಲಗೆ ಕಟ್ಟಿ ಮಂಜುಗಡ್ಡೆಯ ಚೀಲ ಸುತ್ತಿದ್ದರು. ಜೇಹ್ವಾನ್‌ನನ್ನು ಕಂಡದ್ದೇ ಎದ್ದು ನಿಂತ. ಎದ್ದು, ಮುರಿದ ಕೈಯನ್ನು ಎದೆಗೆ ಹಿಡಿದುಕೊಂಡೇ ಸೊಂಟದಿಂದ ಬಾಗಿದ. ನಿನ್ನೆ ಓಡಿದ್ದು ತಪ್ಪಾಯಿತು ಸೀನಿಯರ್ ಎಂದ. ಜೇಹ್ವಾನ್ ಟೋಪಿ ತೆಗೆಯಲು ಕೈಯೆತ್ತಿದ, ಬರೀ ತಲೆಗೂದಲು ಸಿಕ್ಕಿತು. ಜಾರಿತು ಎಂದ. ಹೌದು ಸೀನಿಯರ್, ಗೊತ್ತು ಎಂದ ಹುಡುಗ. ಮಿನ್ ಅಂದದ್ದೂ ಅದೇ ಮಾತು. ಇವನ ದನಿಯಲ್ಲಿ ನಗು ಮಾತ್ರ ಇರಲಿಲ್ಲ. ನಂಬು ಎಂದು ಕೂಗಬೇಕೆನಿಸಿತು. ಹಿರಿಯ ಹೇಳಿದರೆ ಹೌದೆನ್ನಬೇಕು ಎಂದು ಕಲಿತ ಹುಡುಗನಿಂದ ನಂಬಿಕೆಯನ್ನು ಎಲ್ಲಿಂದ ತೆಗೆಸುವುದು. ಕೂತ್ಕೊ ಎಂದು ಗದರಿದ. ಹುಡುಗ ತಕ್ಷಣ ಕೂತ.

ಹೊರಬಾಗಿಲಲ್ಲಿ ಐದಾರು ಜನ ಪೇಪರಿನವರು ಫೋನು ಹಿಡಿದು ನಿಂತಿದ್ದರು. ಹಿಂದೆ ಮಿನ್ ಬಂದು ನಿಂತ. ಕನ್ನಡಕದ ಹುಡುಗಿಯೊಬ್ಬಳು ಮುಂದೆ ಬಂದು, ತಾಕ್ ಅವರೇ, ಬೇಕಂತಲೇ ಹೊಡೆದಿರಾ, ಜಾರಿತಾ ಎಂದು ಕೇಳಿದಳು. ಜಾರಿತು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಬರುವ ವರ್ಷದಿಂದ ಎರಡನೇ ತಂಡದ ಅಂಗಳದಲ್ಲಿ ಟೋಪಿ ಹಾಕಿಕೊಂಡು ನಿಂತು, ಮುಂದೊಂದು ದಿನ ಯಾವನೋ ಗುರಿಯಿರುವ ಹುಡುಗನ ಪಕ್ಕ ಕೂತು, ಸಾರ್ ಒಳಗೆ ಹಾಕಬೇಕಂತೆ ಕಣೋ ಎನ್ನಬಹುದು. ಮೇ ತಿಂಗಳಲ್ಲಿ ಹೆದರದೆ ಸಾರು ಉಣ್ಣಬಹುದು. ಹೇಳುವುದೂ ನಿಜವೇ. ಹಿಂದಿನಿಂದ ಮಿನ್ ಮೆಲ್ಲನೆ ಕೆಮ್ಮಿದ, ಆಟಗಾರರ ನಡುವಿನ ಸನ್ನೆಯ ಹಾಗೆ.

"ಬೇಕಂತಲೇ ಹೊಡೆದೆ" ಎಂದ ಜೇಹ್ವಾನ್. "ನನ್ನ ಚೆಂಡು ಜಾರಲ್ಲ. ಹೊಡಿ ಅಂತ ಮ್ಯಾನೇಜರ್ ಹೇಳಿ ಕಳ್ಸಿದ್ರು, ಕೋಚ್ ಮಿನ್ ಬಂದು ಹೇಳಿದ, ನಾನು ಹೊಡೆದೆ. ಬರ್ಕೊಳಿ."

ಫೋನುಗಳು ಇನ್ನೂ ಹತ್ತಿರ ಬಂದವು. ಹಿಂದೆ ಮಿನ್‌ನ ಕೆಮ್ಮು ಅರ್ಧಕ್ಕೆ ನಿಂತಿತ್ತು. ಎದೆಯಲ್ಲಿ ಹಗುರವಾಗಬಹುದು ಎಂದುಕೊಂಡಿದ್ದ, ಆಗಲಿಲ್ಲ. ಸಿಟ್ಟು ಇದ್ದಲ್ಲೇ ಇತ್ತು, ಇದ್ದಷ್ಟೇ ಇತ್ತು. ಕಾರಿನಲ್ಲಿ ಕೂತ ಮೇಲೆ ಹೇರಿಮ್ ಫೋನ್ ಮಾಡಿದಳು. ಟೀವಿಯಲ್ಲಿ ನೋಡಿದ್ದಳು. ಅವಳು ಮೊದಲು ಹೇಳಿದ್ದು, "ಜಾರ್ತು ಅಲ್ವಾ? ನಾನು ಬಡಿಸ್ಬಾರ್ದಿತ್ತು." ಜಗತ್ತಿನಲ್ಲಿ ಅದನ್ನು ತಾನಾಗಿ ನಂಬಿದವಳು ಅವಳೊಬ್ಬಳು. ಅವನು ಇಲ್ಲ ಎಂದ. ಬೇಕಂತಲೇ ಹೊಡೆದೆ ಎಂದ. ಅವಳಿಗಾದರೂ ನಿಜ ಹೇಳಬಹುದಿತ್ತು, ಹೇಳಿದರೆ ತಪ್ಪು ಅವಳ ಸಾರಿನ ಮೇಲೆ ಬೀಳುತ್ತಿತ್ತು.

ಆದ ನಷ್ಟ ಇಷ್ಟು. ಉಜಿನ್‌ಗೆ ಎಡ ಮುಂಗೈಯ ಒಂದು ಎಲುಬು ಮತ್ತು ಆ ಬೇಸಗೆಯ ಆಟ. ಮಿನ್‌ಗೆ ಕೆಲಸ. ಮ್ಯಾನೇಜರ್ ನಮ್‌ಗುಂಗ್‌ಗೆ ದಂಡ, ಅದನ್ನು ತಂಡವೇ ಕಟ್ಟಿತು. ಜೇಹ್ವಾನ್‌ಗೆ ಬರಬೇಕಿದ್ದ ಕೋಚ್ ಕೆಲಸ, ಇದ್ದ ಆಟ, ಹದಿನೆಂಟು ವರ್ಷದಲ್ಲಿ ಯಾರಿಗೂ ಬೇಕೆಂದು ಹೊಡೆದವನಲ್ಲ ಎಂಬ ಹೆಸರು, ಮತ್ತು ಒಂದು ಟೋಪಿ.